ಸ್ಲಾಟಿನಲ್ಲಿ ಕೂತಿತು, ಪರದೆ ಮಾತ್ರ ಕಪ್ಪು

ಪ್ರಶ್ನೆ: ನಮ್ಮ ಮನೆ ಸುಳ್ಯ ತಾಲೂಕಿನ ಗುತ್ತಿಗಾರಿನ ಹತ್ತಿರ. ತೋಟದ ಕೆಲಸದ ಜೊತೆಗೆ ಮದುವೆ, ಬ್ರಹ್ಮಕಲಶ, ನೇಮ, ಯಕ್ಷಗಾನಕ್ಕೆಲ್ಲ ವಿಡಿಯೊ ಮಾಡಲು ಹೋಗುತ್ತೇನೆ. ಎಡಿಟಿಂಗ್ ಮನೆಯಲ್ಲೇ. ಕಂಪ್ಯೂಟರ್ ಅಣ್ಣ ಎಂಜಿನಿಯರಿಂಗ್ ಓದುವಾಗ 2012ರಲ್ಲಿ ಅಸೆಂಬಲ್ ಮಾಡಿಸಿದ್ದು: ಐ5-2400 ಪ್ರೊಸೆಸರ್, ಎಚ್61 ಬೋರ್ಡ್, 8 ಜಿಬಿ ರ್‍ಯಾಮ್, ವಿಂಡೋಸ್ 10. ಡಾವಿಂಚಿ ರಿಸಾಲ್ವ್ ತೆರೆದರೆ ಮುಂದಕ್ಕೆ ಹೋಗುವುದೇ ಇಲ್ಲ. ಅಪ್ಪ ಅಡಿಕೆ ಮಾರಿದ ದುಡ್ಡಿನಲ್ಲಿ ಸ್ವಲ್ಪ ಕೊಟ್ಟರು. ಪರಿಚಯದವರೊಬ್ಬರಿಂದ ಸೆಕೆಂಡ್‌ಹ್ಯಾಂಡ್ ಆರ್‌ಎಕ್ಸ್ 6500 ಎಕ್ಸ್‌ಟಿ ಗ್ರಾಫಿಕ್ಸ್ ಕಾರ್ಡ್ ತಂದೆ. ಸ್ಲಾಟಿನಲ್ಲಿ ಸರಿಯಾಗಿ ಕೂತಿತು, ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ. ಕಾರ್ಡ್ ತೆಗೆದರೆ ಮೊದಲಿನ ಹಾಗೆ ಬರುತ್ತದೆ. ಮಾನಿಟರ್ ಹಳತು, ವಿಜಿಎ ಮಾತ್ರ ಉಂಟು. ಅದಕ್ಕೊಂದು ಕನ್ವರ್ಟರ್ ಹಾಕಿದ್ದೇನೆ. ಎಸ್‌ಎಂಪಿಎಸ್‌ನಲ್ಲಿ ಕಾರ್ಡಿಗೆ ಬೇಕಾದ ಆರು ಪಿನ್ನಿನ ವೈರ್ ಇರಲಿಲ್ಲ, ಅದಕ್ಕೂ ಒಂದು ಕನ್ವರ್ಟರ್ ಸಿಕ್ಕಿತು (ಫೋಟೊ ಕಳಿಸಿದ್ದೇನೆ). ಪುತ್ತೂರಿನ ಅಂಗಡಿಯವರು ‘ಬೋರ್ಡ್ ಹಳತಾಯಿತು, ಬೋರ್ಡ್, ಪ್ರೊಸೆಸರ್, ರ್‍ಯಾಮ್ ಮೂರೂ ಬದಲಿಸಿ’ ಎನ್ನುತ್ತಾರೆ. ಕಾರ್ಡ್ ಕೊಟ್ಟವರು ‘ನಮ್ಮಲ್ಲಿ ಓಡುತ್ತಿತ್ತು’ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಅಣ್ಣ ಫೋನಿನಲ್ಲಿ ನಗುತ್ತಾನೆ. ಅಪ್ಪ ಊಟಕ್ಕೆ ಕೂತಾಗೆಲ್ಲ ‘ಅದು ಸರಿ ಆಯ್ತಾ?’ ಎಂದು ಕೇಳುತ್ತಾರೆ. ಮುಂದಿನ ಸೀಸನ್ನಿಗೆ ಯೂಟ್ಯೂಬ್ ಲೈವ್ ಕೂಡ ಮಾಡಬೇಕೆಂದಿದ್ದೆ. ನಾನು ದುಡ್ಡು ಹಾಳು ಮಾಡಿದೆನಾ?
– ಹೆಸರು ಬೇಡ, ಸುಳ್ಯ ತಾಲೂಕು

ಉತ್ತರ: ಹಾಳು ಮಾಡಿದಿರೋ ಇಲ್ಲವೋ ಎಂದು ತೀರ್ಮಾನಿಸುವ ಹಂತಕ್ಕೆ ನೀವಿನ್ನೂ ಬಂದಿಲ್ಲ. ಕಾರ್ಡ್ ಸತ್ತಿದೆಯೇ? ಕರೆಂಟ್ ಸಾಲುತ್ತಿಲ್ಲವೇ? ಬೋರ್ಡಿನ ಬಯೋಸ್‌ಗೆ ಕಾರ್ಡಿನ ಗುರುತು ಸಿಗುತ್ತಿಲ್ಲವೇ? ಅಥವಾ ಎಲ್ಲವೂ ಸರಿಯಿದ್ದು ಚಿತ್ರ ಮಾತ್ರ ನಿಮ್ಮ ಹಳೆಯ ಮಾನಿಟರಿಗೆ ಮುಟ್ಟುತ್ತಿಲ್ಲವೇ? ಇದರಲ್ಲಿ ಯಾವುದೆಂದು ಇದುವರೆಗೆ ಯಾರೂ ಪರೀಕ್ಷೆ ಮಾಡಿ ನೋಡಿಲ್ಲ. ಮೂವರು ಮೂರು ಮಾತು ಹೇಳಿದ್ದಾರೆ, ಅಷ್ಟೆ. ‘ಬೋರ್ಡ್ ಹಳತು’ ಎನ್ನುವುದು ನಿಜ. ಆದರೆ ಅದು ರೋಗದ ಹೆಸರಲ್ಲ.

ಮೊದಲು ಸ್ಲಾಟಿನ ವಿಷಯ ಮುಗಿಸಿಬಿಡೋಣ, ಅದು ಸಣ್ಣದು. ನಿಮ್ಮ ಕಾರ್ಡ್ ಪಿಸಿಐ ಎಕ್ಸ್‌ಪ್ರೆಸ್ 4ನೇ ಆವೃತ್ತಿಯದು. ನಿಮ್ಮ ಐ5-2400 ಕೊಡುವುದು 2ನೇ ಆವೃತ್ತಿ. ಹೊಸ ಕಾರ್ಡ್ ಹಳೆಯ ಸ್ಲಾಟಿನಲ್ಲಿ ಕಡಿಮೆ ವೇಗಕ್ಕೆ ಇಳಿದು ಕೆಲಸ ಮಾಡಬೇಕೆಂದೇ ಈ ಪದ್ಧತಿಯನ್ನು ರೂಪಿಸಿದ್ದಾರೆ. ಹಿಂದೆ ಎಜಿಪಿ ಸ್ಲಾಟ್ ಇದ್ದ ಕಾಲದಲ್ಲಿ ಹೀಗಿರಲಿಲ್ಲ. 3.3 ವೋಲ್ಟಿನ ಕಾರ್ಡನ್ನು 1.5 ವೋಲ್ಟಿನ ಬೋರ್ಡಿಗೆ ಹೇಗೋ ತುರುಕಿದರೆ ಬೋರ್ಡೇ ಸುಟ್ಟುಹೋಗುವ ಭಯವಿತ್ತು. 2004ರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಬೋರ್ಡುಗಳು ಬಂದ ಮೇಲೆ ಆ ಭಯ ಹೋಯಿತು. ಆದ್ದರಿಂದ ‘ಆವೃತ್ತಿ ಬೇರೆ, ಅದಕ್ಕೇ ಡಿಸ್‌ಪ್ಲೇ ಇಲ್ಲ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ನನಗೆ ಹೆದರಿಕೆ ಹುಟ್ಟಿಸಿದ್ದು ನೀವು ಕಳಿಸಿದ ಎಸ್‌ಎಂಪಿಎಸ್ ಫೋಟೊ. ಸ್ಟಿಕ್ಕರಿನ ಮೇಲೆ 450 ವ್ಯಾಟ್ ಎಂದು ದೊಡ್ಡದಾಗಿ ಬರೆದಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 12 ವೋಲ್ಟಿನ ಸಾಲಿಗೆ 14 ಆಂಪಿಯರ್ ಎಂದಿದೆ. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಎಳೆಯುವುದು ಮುಖ್ಯವಾಗಿ ಈ 12 ವೋಲ್ಟಿನ ಸಾಲಿನಿಂದಲೇ. 12ನ್ನು 14ರಿಂದ ಗುಣಿಸಿ: 168 ವ್ಯಾಟ್. ನಿಮ್ಮ ಐ5-2400ರ ಲೆಕ್ಕ 95 ವ್ಯಾಟ್, 6500 ಎಕ್ಸ್‌ಟಿಯದ್ದು 107. ಇವೆರಡೇ ಸೇರಿ 202 ಆಯಿತು, ಹಾರ್ಡ್ ಡಿಸ್ಕ್, ಫ್ಯಾನುಗಳು ಬೇರೆ. ಆರು ಪಿನ್ನಿನ ವೈರ್ ಇಲ್ಲದ ಎಸ್‌ಎಂಪಿಎಸ್ ‘ಇಂಥ ಕಾರ್ಡಿಗೆ ನಾನಲ್ಲ’ ಎಂದು ಮೊದಲೇ ಹೇಳಿತ್ತು. ಕನ್ವರ್ಟರ್ ಹಾಕಿ ಅದರ ಬಾಯಿ ಮುಚ್ಚಿಸಿದಿರಿ. ಇಂಥ ಅಗ್ಗದ ಎಸ್‌ಎಂಪಿಎಸ್ ಸಾಯುವಾಗ ಒಂಟಿಯಾಗಿ ಸಾಯುವುದಿಲ್ಲ, ಬೋರ್ಡನ್ನೋ ಹಾರ್ಡ್ ಡಿಸ್ಕನ್ನೋ ಜೊತೆಗೆ ಕರೆದುಕೊಂಡು ಹೋಗುತ್ತದೆ. ನಿಮ್ಮ ಡಿಸ್ಕಿನಲ್ಲಿ ಜನರ ಮದುವೆಗಳಿವೆ. ಆ ಕನ್ವರ್ಟರ್ ಇವತ್ತೇ ಕಳಚಿಡಿ, ಅದರಲ್ಲಿ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ.

ಈಗ ಪರೀಕ್ಷೆ. ಕಾರ್ಡನ್ನು ಹೊತ್ತುಕೊಂಡು ಒಂದು ದಿನ ಪೇಟೆಗೆ ಇಳಿಯಿರಿ. ಸುಳ್ಯದಲ್ಲೂ ಪುತ್ತೂರಿನಲ್ಲೂ ಎಂಜಿನಿಯರಿಂಗ್ ಕಾಲೇಜುಗಳುಂಟು, ಹಾಸ್ಟೆಲಿನಲ್ಲೋ ರೂಮಿನಲ್ಲೋ ಗೇಮಿಂಗ್ ಪಿಸಿ ಇಟ್ಟುಕೊಂಡ ಹುಡುಗರು ಸಿಕ್ಕೇ ಸಿಗುತ್ತಾರೆ. ಅವರ ಯಂತ್ರದಲ್ಲಿ ಕಾರ್ಡ್ ಹಾಕಿ ಅರ್ಧ ಗಂಟೆ ಒಂದು ಗೇಮ್ ಓಡಿಸಿ. ಓಡಿದರೆ ಕಾರ್ಡ್ ಕೊಟ್ಟವರ ಮಾತು ಸತ್ಯ. ಓಡದಿದ್ದರೆ ಮುಂದಿನ ಪ್ಯಾರಾಗಳನ್ನು ಓದುವ ಅಗತ್ಯವಿಲ್ಲ, ನೇರ ಅವರ ಮನೆಗೆ ಹೋಗಿ. ಹಳೆಯ ಬಿಲ್ಲನ್ನೂ ಕೇಳಿ ಇಟ್ಟುಕೊಳ್ಳಿ, ವಾರಂಟಿ ಉಳಿದಿದ್ದರೆ ಕಾರ್ಡಿನ ಹಿಂದಿನ ಸೀರಿಯಲ್ ನಂಬರಿನಿಂದ ತಿಳಿಯುತ್ತದೆ.

ಕಾರ್ಡ್ ಬದುಕಿದೆ ಎಂದಾದರೆ ಒಂದು ಒಳ್ಳೆಯ ಎಸ್‌ಎಂಪಿಎಸ್ ತನ್ನಿ. ಹೆಸರಿರುವ ಕಂಪನಿಯದು, ನಿಜವಾದ 450 ಅಥವಾ 550 ವ್ಯಾಟ್, ಆರು ಮತ್ತು ಎಂಟು ಪಿನ್ನಿನ ವೈರ್ ಅದರೊಳಗಿನಿಂದಲೇ ಬರುವಂಥದ್ದು. ಈ ಖರ್ಚು ವ್ಯರ್ಥವಲ್ಲ, ನಾಳೆ ಬೋರ್ಡ್ ಬದಲಿಸಿದರೂ ಅದು ನಿಮ್ಮ ಜೊತೆಗೆ ಬರುತ್ತದೆ. ನಮ್ಮ ಕಡೆಗೆ ಬೇಕಾದ ಒಂದು ಮಾತು ಇಲ್ಲೇ ಸೇರಿಸುತ್ತೇನೆ, ಬೆಂಗಳೂರಿನ ವಿಡಿಯೊಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಮೆಸ್ಕಾಂ ಲೈನ್ ಹೋಗುತ್ತಲೇ ಇರುವುದರಿಂದ ಮನೆಮನೆಯಲ್ಲೂ ಇನ್ವರ್ಟರ್ ಇದೆ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಫ್ಯಾನು, ಬಲ್ಬು ಉರಿಯುತ್ತವೆ. ಆದರೆ ಆ್ಯಕ್ಟಿವ್ ಪಿಎಫ್‌ಸಿ ಇರುವ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಕೆಲವು ಅಂಥ ಕರೆಂಟಿಗೆ ಹೊಂದಿಕೊಳ್ಳದೆ ತಟ್ಟನೆ ಆಫ್ ಆಗುತ್ತವೆ. ಆಗ ‘ಹೊಸದೂ ಹಾಳಾಯಿತು’ ಎಂದು ಮತ್ತೆ ಗಾಬರಿಯಾಗುತ್ತದೆ. ಮನೆಯಲ್ಲಿರುವುದು ಪ್ಯೂರ್ ಸೈನ್ ವೇವ್ ಹೌದೋ ಅಲ್ಲವೋ ನೋಡಿಕೊಳ್ಳಿ. ಅರ್ಥಿಂಗ್ ಕೂಡ ಒಮ್ಮೆ ಪರೀಕ್ಷೆ ಮಾಡಿಸಿ. ನಮ್ಮ ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದರೆ ಅರ್ಥ್ ಹೊಂಡಕ್ಕೆ ನೀರು ಹೊಯ್ಯಬೇಕಾಗುತ್ತದೆ, ಹಿರಿಯರಿಗೆ ಇದು ಗೊತ್ತು.

ಇಷ್ಟಾದ ಮೇಲೂ ಪರದೆ ಕಪ್ಪಾಗಿದ್ದರೆ ಕಂಪ್ಯೂಟರನ್ನು ಟಿವಿಯ ಹತ್ತಿರ ಕೊಂಡುಹೋಗಿ, ಎಚ್‌ಡಿಎಂಐ ಕೇಬಲ್ಲಿನಿಂದ ನೇರ ಜೋಡಿಸಿ. ಬೋರ್ಡಿನ ತೂತಿಗಲ್ಲ, ಕಾರ್ಡಿನ ತೂತಿಗೆ. ಈ ತಪ್ಪು ದಿನಾ ಆಗುತ್ತದೆ. ಈಗಿನ ಗ್ರಾಫಿಕ್ಸ್ ಕಾರ್ಡುಗಳಿಂದ ವಿಜಿಎ ಸಿಗ್ನಲ್ ಹೊರಡುವುದೇ ಇಲ್ಲ. ಕನ್ವರ್ಟರ್ ಅದನ್ನು ತಯಾರಿಸಿ ಕೊಡಬೇಕು, ಅಗ್ಗದ ಕನ್ವರ್ಟರುಗಳು ಹಲವು ಸಲ ಆ ಕೆಲಸದಲ್ಲಿ ಸೋಲುತ್ತವೆ. ಕತ್ತಲೆಯಲ್ಲೂ ಒಂದು ಪರೀಕ್ಷೆ ಉಂಟು. ಆನ್ ಮಾಡಿ ಎರಡು ನಿಮಿಷ ಬಿಟ್ಟು ಕೀಬೋರ್ಡಿನ ನಂ ಲಾಕ್ ಒತ್ತಿ. ಅದರ ದೀಪ ಹತ್ತಿ ಆರಿದರೆ ಯಂತ್ರ ಒಳಗೆ ಎಚ್ಚರವಾಗಿದೆ, ಕಾಣಿಸುವುದರಲ್ಲಿ ಮಾತ್ರ ತೊಂದರೆ. ದೀಪ ಅಲುಗದಿದ್ದರೆ ಯಂತ್ರ ಬಯೋಸಿನಲ್ಲೇ ನಿಂತಿದೆ.

ಬಯೋಸಿನಲ್ಲಿ ನಿಂತಿದ್ದರೆ, ಅಂಗಡಿಯವರು ಹೇಳಿದ ‘ಹಳತು’ ಎಂಬ ಮಾತಿಗೆ ಈಗ ಅರ್ಥ ಬಂತು. ಕಂಪ್ಯೂಟರ್ ಆನ್ ಆದ ಕೂಡಲೇ, ವಿಂಡೋಸ್ ಬರುವುದಕ್ಕೂ ಮೊದಲು, ಬೋರ್ಡ್ ಕಾರ್ಡಿನೊಳಗಿನ ಒಂದು ಸಣ್ಣ ಪ್ರೋಗ್ರಾಮನ್ನು ಓದಿ ಪರದೆಯನ್ನು ಬೆಳಗಿಸಬೇಕು. ಹಳೆಯ ಬಯೋಸ್ ಅದನ್ನು ಓದುವ ಕ್ರಮ ಒಂದು, ಅದರ ನಂತರ ಬಂದ ಯುಇಎಫ್‌ಐಯ ಕ್ರಮ ಇನ್ನೊಂದು. ತುಂಬ ವರ್ಷ ಕಾರ್ಡುಗಳಲ್ಲಿ ಎರಡೂ ಇರುತ್ತಿದ್ದವು. ಇತ್ತೀಚೆಗೆ ಬಂದ ಹಲವು ಕಾರ್ಡುಗಳು ಯುಇಎಫ್‌ಐಯನ್ನೇ ನಂಬಿವೆ. ಎಚ್61 ಬೋರ್ಡುಗಳು ಬಂದದ್ದು 2011ರಲ್ಲಿ, ಈ ಬದಲಾವಣೆಯ ಸರಿ ನಡುವೆ. ಹಾಗಾಗಿ ಅದೇ ಎಚ್61 ಹೆಸರಿನಲ್ಲಿ ಹಳೆಯ ಬಯೋಸಿನ ಬೋರ್ಡೂ ಉಂಟು, ಯುಇಎಫ್‌ಐ ಬೋರ್ಡೂ ಉಂಟು. ನಿಮ್ಮದು ಯಾವುದೆಂದು ತಿಳಿಯದೆ ಯಾರೂ ತೀರ್ಪು ಕೊಡುವ ಹಾಗಿಲ್ಲ. ಇದು ಹಳೆಯ ಬೋರ್ಡುಗಳ ಶಾಪ ಮಾತ್ರ ಎಂದುಕೊಳ್ಳಬೇಡಿ. 2025ರಲ್ಲಿ ಎನ್ವಿಡಿಯಾ ತನ್ನ ಹೊಸ ಆರ್‌ಟಿಎಕ್ಸ್ 5060 ಸರಣಿಗೇ ಪರದೆ ಕಪ್ಪಾಗುವ ತೊಂದರೆಗೆಂದು ಫರ್ಮ್‌ವೇರ್ ಅಪ್‌ಡೇಟ್ ಕೊಡಬೇಕಾಯಿತು. ಲೆಗಸಿ ಎನ್ನುವ ಹಳೆಯ ಕ್ರಮ ಬಿಟ್ಟು ಯುಇಎಫ್‌ಐಗೆ ಬನ್ನಿ ಎಂದು ಆ ಕಂಪನಿಯೂ ಸಲಹೆ ಕೊಟ್ಟಿತು.

ನೀವು ಮಾಡಬೇಕಾದದ್ದು ಇಷ್ಟು. ಕಾರ್ಡ್ ತೆಗೆದಿಟ್ಟು ಹಳೆಯ ಡಿಸ್‌ಪ್ಲೇಯಲ್ಲೇ ಬೋರ್ಡ್ ಕಂಪನಿಯ ಕೊನೆಯ ಬಯೋಸ್ ಅಪ್‌ಡೇಟ್ ಹಾಕಿ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಬೋರ್ಡ್ ಏಳುವುದೇ ಇಲ್ಲ, ಆದ್ದರಿಂದ ಯುಪಿಎಸ್ ಇದ್ದರೆ ಮಾತ್ರ ಕೈಹಾಕಿ. ಗಾಳಿಮಳೆಯ ದಿನವಂತೂ ಬೇಡವೇ ಬೇಡ. ಅಪ್‌ಡೇಟ್ ಆದ ಮೇಲೆ ಬೋರ್ಡಿನ ಗುಂಡು ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹಾಕಿ. 2012ರ ಸೆಲ್ ಆದರೆ ಹೊಸದೇ ಹಾಕಿ, ಸಿಆರ್ 2032 ಎಂದು ಕೇಳಿದರೆ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಬಯೋಸಿನಲ್ಲಿ ಯುಇಎಫ್‌ಐ ಬೂಟ್ ಇದ್ದರೆ ಅದನ್ನು ಆರಿಸಬಹುದು. ಆದರೆ ನಿಲ್ಲಿ, ನಿಮ್ಮ ವಿಂಡೋಸ್ ಹಳೆಯ ಲೆಗಸಿ ಕ್ರಮದಲ್ಲಿ ಕೂತಿದ್ದರೆ ಅದು ತೆರೆಯುವುದಿಲ್ಲ. ವಿಂಡೋಸ್ 10ರಲ್ಲಿ ಡಿಸ್ಕನ್ನು ಹೊಸ ಕ್ರಮಕ್ಕೆ ಬದಲಿಸುವ ಎಂಬಿಆರ್2ಜಿಪಿಟಿ ಎಂಬ ಸಾಧನ ಇದೆ. ಅದನ್ನು ಮುಟ್ಟುವ ಮೊದಲು ವಿಡಿಯೊಗಳೆಲ್ಲ ಬೇರೊಂದು ಡಿಸ್ಕಿಗೆ ಹೋಗಿರಬೇಕು. ಕೈ ನಡುಗಿದರೆ ಈ ಒಂದು ಕೆಲಸವನ್ನು ಅಂಗಡಿಯಲ್ಲೇ ಮಾಡಿಸಿ. ಕಾರ್ಡನ್ನು ಮತ್ತೆ ಕೂರಿಸುವಾಗ ಅದರ ಚಿನ್ನದ ಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಒರೆಸಿ, ಸ್ಲಾಟಿನೊಳಗೂ ಟಾರ್ಚ್ ಬಿಟ್ಟು ನೋಡಿ. ಈ ಊರಿನ ತೇವದಲ್ಲಿ ಎಲ್ಲದಕ್ಕೂ ಪಾಚಿ ಬರುತ್ತದೆ. ಕಣಜ ಮಣ್ಣಿನ ಗೂಡು ಕಟ್ಟಿದ ಯುಎಸ್‌ಬಿ ತೂತುಗಳನ್ನು ನಾನೇ ನೋಡಿದ್ದೇನೆ.

ಇಷ್ಟೆಲ್ಲ ಮಾಡಿ ಡಿಸ್‌ಪ್ಲೇ ಬಂತು ಎಂದೇ ಇಟ್ಟುಕೊಳ್ಳಿ. ಈಗ ನಿಮಗೆ ಇಷ್ಟವಾಗದ ಮಾತು. ಇರುವ ಕಾರ್ಡುಗಳಲ್ಲೆಲ್ಲ ನಿಮ್ಮ ಬೋರ್ಡಿಗೆ ಹೊಂದದ ಕಾರ್ಡೆಂದರೆ ಇದೇ. ಸ್ಲಾಟಿನಲ್ಲಿ ಡೇಟಾ ಓಡಾಡುವ ಹದಿನಾರು ಲೇನುಗಳಿದ್ದರೂ 2022ರಲ್ಲಿ ಬಂದ 6500 ಎಕ್ಸ್‌ಟಿ ಬಳಸುವುದು ನಾಲ್ಕನ್ನು ಮಾತ್ರ. 4ನೇ ಆವೃತ್ತಿಯ ಬೋರ್ಡಿನಲ್ಲಿ ನಾಲ್ಕು ಲೇನೆಂದರೆ ಸೆಕೆಂಡಿಗೆ ಸುಮಾರು 8 ಜಿಬಿ ಹಾಯುತ್ತದೆ, ಸಾಕು. ನಿಮ್ಮ 2ನೇ ಆವೃತ್ತಿಯಲ್ಲಿ ಅದೇ ನಾಲ್ಕು ಲೇನಿಗೆ 2 ಜಿಬಿ. ಕಾಲುಭಾಗ! ಕಾರ್ಡಿನೊಳಗಿನ 4 ಜಿಬಿ ಮೆಮೊರಿಯಲ್ಲೇ ಕೆಲಸ ಮುಗಿಯುವಷ್ಟು ಹೊತ್ತು ಏನೂ ಗೊತ್ತಾಗುವುದಿಲ್ಲ. 4ಕೆ ವಿಡಿಯೊ ಹಾಕಿ ಎರಡು ಎಫೆಕ್ಟ್ ಸೇರಿಸಿದಿರೋ, ಆ ಮೆಮೊರಿ ತುಂಬಿ, ಉಳಿದದ್ದೆಲ್ಲ ಕಂಪ್ಯೂಟರಿನ ರ್‍ಯಾಮಿಗೂ ಕಾರ್ಡಿಗೂ ನಡುವೆ ಓಡಾಡಬೇಕಾಗುತ್ತದೆ. ಆಗ ಮಳೆಗಾಲದಲ್ಲಿ ಕಡಬದ ಹೊಸ್ಮಠದ ಹಳೆಯ ಮುಳುಗು ಸೇತುವೆಯ ಎರಡೂ ಕಡೆ ವಾಹನಗಳು ಸಾಲುಗಟ್ಟಿ ನಿಲ್ಲುತ್ತಿದ್ದವಲ್ಲ, ಅದೇ ಸ್ಥಿತಿ.

ಎರಡನೆಯದು ಇನ್ನೂ ಕೆಟ್ಟದ್ದು. ನೀವು ಲೈವ್ ಮಾಡಬೇಕೆನ್ನುತ್ತೀರಿ. ಲೈವ್ ಎಂದರೆ ಕ್ಯಾಮೆರಾದ ಚಿತ್ರವನ್ನು ಆ ಕ್ಷಣಕ್ಕೇ ಕುಗ್ಗಿಸಿ ಕಳಿಸುವುದು, ಆ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಎನ್‌ಕೋಡರ್ ಎಂಬ ಪ್ರತ್ಯೇಕ ಭಾಗ ಇರುತ್ತದೆ. 6500 ಎಕ್ಸ್‌ಟಿಯಲ್ಲಿ ಅದು ಇಲ್ಲ. ಅದರ ತಮ್ಮ ಆರ್‌ಎಕ್ಸ್ 6400ರಲ್ಲೂ ಇಲ್ಲ. ಆ ಭಾರವೆಲ್ಲ ನಿಮ್ಮ ನಾಲ್ಕು ಕೋರಿನ ಹಳೆಯ ಪ್ರೊಸೆಸರಿನ ಮೇಲೆ ಬೀಳುತ್ತದೆ. ಇಡೀ ರಾತ್ರಿಯ ಬಯಲಾಟದಲ್ಲಿ ದೇವೇಂದ್ರನ ಒಡ್ಡೋಲಗ ಮುಗಿಯುವುದರೊಳಗೆ ಚಿತ್ರ ತಡವರಿಸಲು ಶುರುವಾಗುತ್ತದೆ. ಗೇಮ್ ಆಡುವವರು ಬರೆದ ವಿಮರ್ಶೆ ಓದಿ ಕಾರ್ಡ್ ಕೊಳ್ಳುವ ವಿಡಿಯೊದವರಿಗೆ ಇದು ಗೊತ್ತಾಗುವುದೇ ಇಲ್ಲ, ಏಕೆಂದರೆ ಅಲ್ಲಿ ಎಣಿಸುವುದು ಬೇರೆ ಲೆಕ್ಕ.

ಹಾಗಾದರೆ ಈ ಬೋರ್ಡಿಗೆ ಯಾವ ಕಾರ್ಡ್ ಆಗಬಹುದಿತ್ತು? ಜಿಟಿಎಕ್ಸ್ 1650. 2019ರದ್ದು, ಹದಿನಾರು ಲೇನು, 75 ವ್ಯಾಟಿನ ಮಾದರಿಗಳಿಗೆ ಬೇರೆ ವೈರೇ ಬೇಡ, ಎನ್‌ಕೋಡರ್ ಉಂಟು. ಕಾರ್ಡ್ ಕೊಟ್ಟವರು ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪಿದರೆ ಕೊಟ್ಟುಬಿಡಿ. ಆ ದುಡ್ಡಿನಲ್ಲಿ ಒಳ್ಳೆಯ ಬಿಲ್ಲಿರುವ 1650 ಸಿಕ್ಕಿದರೆ ಒಂದೆರಡು ಸೀಸನ್ ದಾಟಬಹುದು. ಅಗ್ಗಕ್ಕೆ ಸಿಗುತ್ತದೆಂದು ಆರ್‌ಎಕ್ಸ್ 580ರ ಹತ್ತಿರ ಹೋಗಬೇಡಿ. 185 ವ್ಯಾಟ್ ಕುಡಿಯುತ್ತದೆ, 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಗಣಿಗಾರಿಕೆ ನಿಂತ ಮೇಲೆ ಹಗಲುರಾತ್ರಿ ದುಡಿದು ಬಳಲಿದ ಅಂಥ ಕಾರ್ಡುಗಳು ರಾಶಿರಾಶಿ ಪೇಟೆಗೆ ಬಂದಿವೆ. ಅಣ್ಣ ಇಂಟೆಲ್ ಆರ್ಕ್ ಎಂದರೂ ಬೇಡ. ಅದಕ್ಕೆ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಬೇಕು, ನಿಮ್ಮ ಕಾಲದ ಬೋರ್ಡುಗಳಲ್ಲಿ ಅದು ಬರುತ್ತಿರಲಿಲ್ಲ.

ಆದರೂ ನನ್ನನ್ನು ಕೇಳಿದರೆ, ಈ ಬೋರ್ಡಿನ ಮೇಲೆ ಇನ್ನು ದೊಡ್ಡ ದುಡ್ಡು ಹಾಕಬೇಡಿ ಎನ್ನುತ್ತೇನೆ. ಈ ಒಂದು ವಿಷಯದಲ್ಲಿ ಪುತ್ತೂರಿನ ಅಂಗಡಿಯವರು ಮೋಸ ಮಾಡುತ್ತಿಲ್ಲ, ಕಾರಣ ಹೇಳಲಿಲ್ಲ ಅಷ್ಟೆ. ನಿಮ್ಮ ಪ್ರೊಸೆಸರ್ ಹೊಸ ಬೋರ್ಡಿನಲ್ಲಿ ಕೂರುವುದಿಲ್ಲ, ಡಿಡಿಆರ್3 ರ್‍ಯಾಮೂ ಕೂರುವುದಿಲ್ಲ, ಆದ್ದರಿಂದ ಬದಲಿಸುವುದಾದರೆ ಮೂರನ್ನೂ ಒಟ್ಟಿಗೇ ಬದಲಿಸಬೇಕು. ರಿಸಾಲ್ವ್‌ಗೆ 16 ಜಿಬಿ ರ್‍ಯಾಮ್ ಕನಿಷ್ಠ, ನಿಮ್ಮಲ್ಲಿರುವುದು ಅದರ ಅರ್ಧ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಅಧಿಕೃತವಾಗಿ ಬೇಡುವುದು ಇಂಟೆಲ್‌ನ 8ನೇ ತಲೆಮಾರು ಮತ್ತು ನಂತರದ್ದನ್ನು. ನಿಮ್ಮದು 2ನೆಯದು.

ಬದಲಿಸುವ ದಿನ ಬಂದಾಗ ಇಂಟೆಲ್ 12ನೇ ತಲೆಮಾರಿನ ಐ3-12100 ಅಥವಾ ಐ5-12400 ಕೇಳಿ. ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರ ಇರುವುದನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ತೆಗೆದುಕೊಳ್ಳಬೇಡಿ. ‘ಎಫ್’ ಇಲ್ಲದ್ದರಲ್ಲಿ ಒಳಗೇ ಗ್ರಾಫಿಕ್ಸ್ ಇದೆ, ಅದರ ಜೊತೆಗೆ ಕ್ವಿಕ್ ಸಿಂಕ್ ಎಂಬ ಎನ್‌ಕೋಡರ್ ಇದೆ. ಲೈವ್ ಕಳಿಸುವ ಕೆಲಸ ಅದು ಮಾಡುತ್ತದೆ. ಅದಕ್ಕೆ ಹೊಂದುವ ಎಚ್610 ಬೋರ್ಡಿನ ಗ್ರಾಫಿಕ್ಸ್ ಸ್ಲಾಟ್ 4ನೇ ಆವೃತ್ತಿಯದು. ಅಂದರೆ ಈಗ ಮೇಜಿನ ಮೇಲೆ ಸುಮ್ಮನೆ ಕೂತಿರುವ ನಿಮ್ಮ 6500 ಎಕ್ಸ್‌ಟಿ ಅಲ್ಲಿ ತನ್ನ ಪೂರ್ತಿ ವೇಗದಲ್ಲಿ ಓಡುತ್ತದೆ, ಅದರಲ್ಲಿ ಇಲ್ಲದ ಎನ್‌ಕೋಡರನ್ನು ಪ್ರೊಸೆಸರ್ ತುಂಬಿಕೊಡುತ್ತದೆ. ಕಾರ್ಡನ್ನು ಹಿಂದಕ್ಕೆ ಕೊಡಲಾಗದಿದ್ದರೆ ಅಗ್ಗಕ್ಕೆ ಮಾರಬೇಡಿ, ಈ ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಅಲ್ಲಿಯ ತನಕ ರಿಸಾಲ್ವ್‌ನಲ್ಲಿ ಪ್ರಾಕ್ಸಿ ಮಾಡಿ ಕೆಲಸ ಮಾಡಿ. 4ಕೆ ವಿಡಿಯೊದ ಸಣ್ಣ ಪ್ರತಿ ರಾತ್ರಿ ತಯಾರಾಗಲಿ, ಬೆಳಿಗ್ಗೆ ಅದರ ಮೇಲೆ ಕತ್ತರಿ ಆಡಿಸಿ, ಕೊನೆಗೆ ಮೂಲಕ್ಕೆ ಜೋಡಿಸಿ. ಪತ್ತನಾಜೆ ಕಳೆದು ಮೇಳಗಳೆಲ್ಲ ಒಳಗೆ ಕೂತಿವೆ, ದೀಪಾವಳಿಯ ತನಕ ನಿಮಗೆ ಅವಸರವೂ ಇಲ್ಲ.

ಅಪ್ಪನಿಗೆ ಏನು ಹೇಳುವುದೆಂದು ನೀವು ಬಾಯಿಬಿಟ್ಟು ಕೇಳಲಿಲ್ಲ, ಪತ್ರದ ಭಾರವೆಲ್ಲ ಅಲ್ಲೇ ಇದೆ. ಇವತ್ತಿನ ಊಟದ ಹೊತ್ತಿಗೇ ಹೇಳಿಬಿಡಿ: ‘ಅಪ್ಪಾ, ಕಾರ್ಡ್ ಸರಿ ಉಂಟೋ ನೋಡಿಸಬೇಕು, ಆದರೆ ಈ ಕಂಪ್ಯೂಟರಿಗೆ ಅದು ಹೊಂದುವುದಿಲ್ಲ, ಸಣ್ಣದೊಂದು ಎಸ್‌ಎಂಪಿಎಸ್ ಈಗ ಬೇಕು, ದೊಡ್ಡ ಖರ್ಚು ಮುಂದಿನ ಕೊಯ್ಲಿಗೆ.’ ಎಲೆಚುಕ್ಕಿಯೂ ಹಳದಿ ಎಲೆ ರೋಗವೂ ನೋಡಿದ ಸುಳ್ಯದ ತೋಟದವರಿಗೆ ಒಂದು ವರ್ಷ ಕಾಯುವುದು ಹೊಸತಲ್ಲ. ಅವರಿಗೆ ಸಿಟ್ಟು ಬರುವುದು ‘ಆಗ್ತದೆ, ಆಗ್ತದೆ’ ಎಂದು ತಿಂಗಳುಗಟ್ಟಲೆ ಹೇಳಿದರೆ. ನಗುವ ಅಣ್ಣನಿಗೆ ಕೂಡ ಒಂದು ಕೆಲಸ ಕೊಡಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 12100, ಎಚ್610, 16 ಜಿಬಿ ಡಿಡಿಆರ್4, ಈ ಮೂರಕ್ಕೆ ಬಿಲ್ಲು ಸಹಿತ ದರ ವಿಚಾರಿಸಿ ಕಳಿಸಲಿ. ಅದನ್ನು ಪುತ್ತೂರಿನ ಅಂಗಡಿಯವರಿಗೂ ತೋರಿಸಿ. ವ್ಯತ್ಯಾಸ ಸಣ್ಣದಾದರೆ ಪುತ್ತೂರಿನಲ್ಲೇ ಕೊಳ್ಳಿ, ಸಿಡಿಲಿಗೆ ಏನಾದರೂ ಹೋದರೆ ಹಿಡಿದುಕೊಂಡು ಓಡಲು ಹತ್ತಿರದ ಅಂಗಡಿಯೇ ಬೇಕು.

ಇಷ್ಟರ ನಡುವೆ ನನಗೆ ಎರಡು ಫೋಟೊ ಕಳಿಸಿ: ಬೋರ್ಡಿನ ಮೇಲೆ ಅಚ್ಚಾಗಿರುವ ಕಂಪನಿ ಮತ್ತು ಮಾದರಿಯ ಹೆಸರು, ಮತ್ತೆ ಕಾರ್ಡ್ ಇಲ್ಲದೆ ಆನ್ ಮಾಡಿದಾಗ ಬರುವ ಬಯೋಸಿನ ಮೊದಲ ಪರದೆ. ಅದಕ್ಕೆ ಯುಇಎಫ್‌ಐ ಉಂಟೋ ಇಲ್ಲವೋ ನೋಡಿ ತಿಳಿಸುತ್ತೇನೆ. ಇಲ್ಲ ಎಂದಾದರೆ ಬಯೋಸ್ ಅಪ್‌ಡೇಟಿನ ಗೊಡವೆಗೇ ಹೋಗಬೇಡಿ.